ಒಬ್ಬರಿಗಷ್ಟೇ ಗೊತ್ತಿದ್ದ ಬಿಲ್ಲಿಂಗ್: ಒಂದು ಆಪ್ತಸಲಹೆ ಪ್ರಕರಣ

ಮಂಡ್ಯದಿಂದ ದಿನವೂ ಬೆಳಗಿನ ರೈಲು ಹಿಡಿದು ಮೈಸೂರಿಗೆ ಬಂದು, ಅಲ್ಲಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಚೇರಿಯೊಂದಕ್ಕೆ ಹೋಗುವ 43 ವರ್ಷದ ಗೃಹಸ್ಥರೊಬ್ಬರು ನನ್ನ ಬಳಿಗೆ ಬಂದಾಗ ಹೇಳಿಕೊಂಡ ದೂರು ಒಂದೇ: ‘ಹೊಸದೇನೂ ತಲೆಗೆ ಹತ್ತುತ್ತಿಲ್ಲ ಮೇಡಂ, ನನಗೆ ವಯಸ್ಸಾಯಿತು.’ ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಸಲಹಾರ್ಥಿಯು 17 ವರ್ಷಗಳಿಂದ ಒಂದೇ ಬಿಲ್ಲಿಂಗ್ ವ್ಯವಸ್ಥೆಯನ್ನು ನೋಡಿಕೊಂಡು ಬಂದವರು. ತಿಂಗಳ ಕೊನೆಯ ರಾತ್ರಿ ಬಿಲ್ಲುಗಳು ತಯಾರಾಗುವಾಗ ಡೇಟಾಬೇಸಿನ ಯಾವ ಪ್ರೊಸೀಜರ್ (ಮೊದಲೇ ಬರೆದಿಟ್ಟ ಆದೇಶಗಳ ಸರಣಿ) ಎಲ್ಲಿ ಮುಗ್ಗರಿಸುತ್ತದೆ, ಯಾವುದನ್ನು ನಿರ್ಭಯವಾಗಿ ಮತ್ತೆ ಓಡಿಸಬಹುದು, ಯಾವುದನ್ನು ಎರಡನೆಯ ಸಲ ಓಡಿಸಿದರೆ ಗ್ರಾಹಕರಿಗೆ ಎರಡೆರಡು ಬಿಲ್ಲು ಹೋಗಿಬಿಡುತ್ತದೆ ಎಂಬುದೆಲ್ಲ ಅವರೊಬ್ಬರಿಗೇ ಗೊತ್ತು, ಎಲ್ಲಿಯೂ ಬರೆದಿಟ್ಟಿಲ್ಲ. ಸಂಸ್ಥೆಯು ಈಗ ಅದೇ ವ್ಯವಸ್ಥೆಯನ್ನು ಕ್ಲೌಡ್‌ಗೆ, ಅಂದರೆ ಅಂತರ್ಜಾಲದ ಮೂಲಕ ಬಳಸುವ ಬಾಡಿಗೆ ಕಂಪ್ಯೂಟರುಗಳಿಗೆ, ಸಾಗಿಸುತ್ತಿದೆ. ಎಂಟು ಮಂದಿಯ ತಂಡದಲ್ಲಿ ಐವರು ಮೂವತ್ತು ದಾಟದವರು. ಟೀಮ್ ಲೀಡ್ ಇವರಿಗಿಂತ ಹತ್ತು ವರ್ಷ ಚಿಕ್ಕವರು. ರೈಲಿನಲ್ಲಿ ನೋಡಿ ಕಲಿಯೋಣವೆಂದು ಇವರು ಆರು ಆನ್‌ಲೈನ್ ಕೋರ್ಸುಗಳಿಗೆ ದುಡ್ಡು ಕಟ್ಟಿದ್ದರು, ಒಂದೂ ಮುಗಿದಿರಲಿಲ್ಲ. ಭಾನುವಾರ ಸಂಜೆಯಾಯಿತೆಂದರೆ ಎದೆ ಬಿಗಿಯುತ್ತಿತ್ತು. ವೈದ್ಯರು ಪರೀಕ್ಷಿಸಿ ಹೃದಯದಲ್ಲಿ ದೋಷವಿಲ್ಲವೆಂದು ಹೇಳಿದ್ದರು. ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ, ಇರಲಿಲ್ಲ. ಆದರೂ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿಕೊಳ್ಳಲು ಹೇಳಿದೆ.

ಮೊದಲೆರಡು ಭೇಟಿಗಳಲ್ಲಿ ನಾನು ಎಡವಿದೆನೆಂದು ಒಪ್ಪಿಕೊಳ್ಳಬೇಕು. ಅವರ ದೂರನ್ನು ಅವರ ಮಾತಿನಲ್ಲೇ ನಂಬಿ, ಬೆಳಿಗ್ಗೆ ಇಷ್ಟು ಹೊತ್ತು, ಸಂಜೆ ಇಷ್ಟು ಹೊತ್ತು ಎಂದು ವೇಳಾಪಟ್ಟಿ ಹಾಕಿಕೊಟ್ಟೆ. ಅವರು ಅದನ್ನು ವಿಧೇಯ ವಿದ್ಯಾರ್ಥಿಯಂತೆ ಮಡಿಚಿ ಜೇಬಿಗಿಟ್ಟುಕೊಂಡು ಹೋದರು, ಹಾಗೆಯೇ ಮಡಿಚಿಟ್ಟುಕೊಂಡು ಮರಳಿ ಬಂದರು. ಮೂರನೆಯ ಭೇಟಿಗೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿರುವ ಅವರ ಪತ್ನಿಯೂ ಬಂದಿದ್ದರು. ‘ಮಗಳಿಗೆ ಲೆಕ್ಕ ಹೇಳಿಕೊಡೋವಾಗ ಗೊತ್ತಾಗದಿದ್ದರೆ, ಇರು ಪುಟ್ಟಿ, ಇಬ್ಬರೂ ಸೇರಿ ನೋಡೋಣ ಅಂತಾರೆ. ಆ ಮಾತು ಆಫೀಸಲ್ಲಿ ಮಾತ್ರ ಇವರ ಬಾಯಿಂದ ಬರಲ್ಲ’ ಎಂದು ಅವರು ಹೇಳಿದಾಗಲೇ ಗಂಟು ಎಲ್ಲಿದೆಯೆಂದು ನನಗೆ ತಿಳಿದದ್ದು.

ಆಮೇಲೆ ನಿಧಾನವಾಗಿ ಒಂದು ಘಟನೆ ಹೊರಬಂತು. ತಂಡದವರೆಲ್ಲ ಗಿಟ್ ಎಂಬ ವ್ಯವಸ್ಥೆಯಲ್ಲಿ ಒಂದೇ ಕಡೆ ಕೋಡ್ ಸೇರಿಸುತ್ತಾರೆ. ಒಂದು ದಿನ ಇವರು ಬರೆದದ್ದನ್ನು ಸರ್ವರ್ ತಿರಸ್ಕರಿಸಿತು. ಪಕ್ಕದಲ್ಲೇ ಕುಳಿತಿದ್ದ 26 ವರ್ಷದ ಸಹೋದ್ಯೋಗಿಯನ್ನು ಒಂದು ಮಾತು ಕೇಳಬಹುದಿತ್ತು. ಕೇಳದೆ ಅಂತರ್ಜಾಲದಲ್ಲಿ ಹುಡುಕಿ, ಬಲವಂತವಾಗಿ ಒಳತಳ್ಳುವ ಆದೇಶವೊಂದನ್ನು ಕೊಟ್ಟರು. ಅದೇ ಸಹೋದ್ಯೋಗಿಯ ಎರಡು ದಿನಗಳ ಕೆಲಸ ಸರ್ವರಿನಿಂದ ಕಾಣೆಯಾಯಿತು. ಆಕೆಯ ಲ್ಯಾಪ್‌ಟಾಪಿನಲ್ಲಿ ಪ್ರತಿ ಇದ್ದುದರಿಂದ ಅರ್ಧ ಗಂಟೆಯೊಳಗೆ ಎಲ್ಲವೂ ಮೊದಲಿನಂತಾಯಿತು; ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತಂತೆ. ಅಂದಿನಿಂದ ಬೆಳಗಿನ ಮೀಟಿಂಗಿನಲ್ಲಿ ‘ನನ್ನದು ನಡೀತಿದೆ’ ಎಂಬ ಎರಡು ಪದಗಳ ಹೊರತು ಇವರು ಬೇರೇನೂ ಆಡಿಲ್ಲ.

ಗಿಟ್ ಎಂದರೇನೆಂದು ನನಗೆ ತಿಳಿಯದ ಕಾರಣ ಅವರನ್ನೇ ಕೇಳಿದೆ. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಜನಕ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಅದನ್ನು ರಚಿಸಿದ್ದು, ಅದರಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಯಂತ್ರದಲ್ಲೂ ಸಾಮಾನ್ಯವಾಗಿ ಕೋಡಿನ ಪೂರ್ತಿ ಇತಿಹಾಸ ಇರುವುದು, ಆದ್ದರಿಂದ ಒಂದು ಕಡೆ ಅಳಿಸಿಹೋದರೂ ಇನ್ನೊಂದು ಕಡೆ ಸಿಗುವುದು, ಇದನ್ನೆಲ್ಲ ಕಂಪ್ಯೂಟರಿನ ಗಂಧವಿಲ್ಲದ ನನಗೆ ಹತ್ತೇ ನಿಮಿಷದಲ್ಲಿ ಅವರು ಮನದಟ್ಟು ಮಾಡಿದರು. ತಲೆಗೆ ಹತ್ತದವರು ಹೀಗೆ ವಿವರಿಸಬಲ್ಲರೇ? ಕೊನೆಯಲ್ಲಿ ಅವರೇ ನಕ್ಕು, ‘ನನ್ನ ಬಿಲ್ಲಿಂಗ್‌ಗೆ ಮಾತ್ರ ಒಂದೇ ಕಾಪಿ’ ಎಂದು ತಮ್ಮ ತಲೆಯನ್ನು ಮುಟ್ಟಿ ತೋರಿಸಿದರು.

ಅವರ ತಂದೆ ವಿಶ್ವೇಶ್ವರಯ್ಯ ನಾಲೆಯ ಬಯಲಿನ ಹಳ್ಳಿಯೊಂದರಲ್ಲಿ ನೀರುಗಂಟಿಯಾಗಿದ್ದವರು. ಯಾವ ತೂಬು ಎಷ್ಟು ಹೊತ್ತು ತೆರೆದರೆ ಕೊನೆಯ ಗದ್ದೆಗೆ ನೀರು ಮುಟ್ಟುತ್ತದೆಂಬುದು ಅವರಿಗಷ್ಟೇ ತಿಳಿದಿತ್ತು, ಮತ್ತು ಊರಿನಲ್ಲಿ ಅವರ ಮರ್ಯಾದೆ ನಿಂತಿದ್ದುದೂ ಅದರ ಮೇಲೆಯೇ. ನಡುರಾತ್ರಿ ಯಾರೋ ಬಾಗಿಲು ಬಡಿದು ತಂದೆಯನ್ನು ಕರೆದೊಯ್ಯುತ್ತಿದ್ದ ದೃಶ್ಯವನ್ನು ಹೆಮ್ಮೆಯಿಂದ ನೋಡಿ ಬೆಳೆದ ಮಗನಿಗೆ, ತಿಂಗಳ ಕೊನೆಯ ರಾತ್ರಿ ಬರುವ ಫೋನು ಅದೇ ಮರ್ಯಾದೆಯ ಕರೆಯಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ‘ನಿಮ್ಮ ತಂದೆ ಯಾರಿಂದ ಕಲಿತರು?’ ಎಂದು ಕೇಳಿದೆ. ಸ್ವಲ್ಪ ತಡೆದು ಉತ್ತರಿಸಿದರು: ‘ದೊಡ್ಡಪ್ಪನ ಹಿಂದೆ ಬದು ಸುತ್ತಿಕೊಂಡು.’

ನಾನು ಕೊಟ್ಟ ಸಲಹೆ ಅಲ್ಲಿಂದಲೇ ಹೊರಟಿತು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ತಂಡದ ಇಬ್ಬರು ಕಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಲ್ಲಿಂಗ್‌ನ ಒಂದೊಂದು ಘಟ್ಟವನ್ನು ನಡೆಸಿ ತೋರಿಸಬೇಕು, ಟಿಪ್ಪಣಿಯನ್ನು ಕಿರಿಯರೇ ಬರೆಯಬೇಕು. ಇವರೇ ಬರೆಯಲು ಹೊರಟರೆ ಅಚ್ಚುಕಟ್ಟು ಮಾಡುವುದರಲ್ಲೇ ವರ್ಷ ಕಳೆದೀತೆಂದು ಪತ್ನಿ ಎಚ್ಚರಿಸಿದ್ದರು. ‘ಎಲ್ಲ ಹೇಳಿಕೊಟ್ಟ ಮೇಲೆ ನನ್ನನ್ನು ಯಾಕೆ ಇಟ್ಟುಕೊಳ್ಳುತ್ತಾರೆ?’ ಎಂಬುದು ಅವರ ನ್ಯಾಯವಾದ ಪ್ರಶ್ನೆ. ಕೆಲಸ ಉಳಿಯುತ್ತದೆಂದು ನಾನು ಭರವಸೆ ಕೊಡಲಿಲ್ಲ, ಅದು ನನ್ನ ಕೈಯಲ್ಲಿಲ್ಲ. ಆದರೆ ಹಳೆಯ ವ್ಯವಸ್ಥೆ ಹೇಗೂ ಮುಚ್ಚಲಿದೆ. ಅದರೊಳಗಿನ ನಿಯಮಗಳನ್ನು ಹೊಸದಕ್ಕೆ ತಪ್ಪಿಲ್ಲದೆ ದಾಟಿಸಬಲ್ಲವರು ಯಾರೆಂದು ತಂಡಕ್ಕೆ ಕಾಣಬೇಕಾದರೆ ಇವರು ಬಾಯಿ ಬಿಡಲೇಬೇಕು ಎಂದೆ.

ಇನ್ನು ಕೇಳುವುದು. ಅರ್ಧ ಗಂಟೆ ಸ್ವತಃ ಪ್ರಯತ್ನಿಸಿದ ಮೇಲೂ ದಾರಿ ಕಾಣದಿದ್ದರೆ ದಿನಕ್ಕೊಂದು ಪ್ರಶ್ನೆಯನ್ನು ತಂಡದ ಎದುರಿನಲ್ಲಿಯೇ ಕೇಳಬೇಕೆಂದು ಒಪ್ಪಿಸಿ, ನನ್ನ ಕೋಣೆಯಲ್ಲಿ ಅಭ್ಯಾಸ ಮಾಡಿಸಿದೆ. ಮೊದಲ ಸಲ ಅವರು ಕೇಳಿದ್ದು ಹೀಗೆ: ‘ಏನಮ್ಮಾ, ಇದು ಗೊತ್ತಾ ನಿನಗೆ?’ ಇದು ಕೇಳುವುದಲ್ಲ, ಪರೀಕ್ಷೆ ಮಾಡುವುದು ಎಂದಾಗ ಕಿವಿ ಕೆಂಪಾಯಿತು. ನಾಲ್ಕೈದು ಸಲದ ಮೇಲೆ, ‘ಹೀಗೆ ಮಾಡಿ ನೋಡಿದೆ, ಇಲ್ಲಿಗೆ ಬಂದು ನಿಂತಿದೆ, ಮುಂದೆ ಹೇಗೆ ಅಂತ ಸ್ವಲ್ಪ ತೋರಿಸ್ತೀರಾ?’ ಎಂಬಲ್ಲಿಗೆ ತಲುಪಿದೆವು. ತಪ್ಪಿನ ನಾಚಿಕೆಯ ಬಗ್ಗೆ, ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ದಾದಿಯರ ತಂಡಗಳಲ್ಲಿ ಕಂಡದ್ದನ್ನು ಹೇಳಿದೆ. ಉತ್ತಮ ತಂಡಗಳಲ್ಲಿ ಔಷಧದ ತಪ್ಪುಗಳು ಕಡಿಮೆ ಇರಬೇಕೆಂದು ನಿರೀಕ್ಷಿಸಿದ್ದ ಅವರಿಗೆ ಹೆಚ್ಚು ತಪ್ಪುಗಳು ದಾಖಲಾಗಿರುವುದು ಸಿಕ್ಕಿತು. ಅಲ್ಲಿನವರು ತಪ್ಪನ್ನು ಬಚ್ಚಿಡದೆ ಹೇಳುತ್ತಿದ್ದರೆಂಬುದು ಅವರು ಕೊಟ್ಟ ವಿವರಣೆ.

ಕೋರ್ಸುಗಳ ವಿಷಯ ಸುಲಭವಾಗಿ ತೀರಿತು: ಐದನ್ನು ಬಿಟ್ಟು, ಈಗಿನ ಕೆಲಸಕ್ಕೆ ಬೇಕಾದ ಒಂದನ್ನು ಉಳಿಸಿಕೊಂಡೆವು. ಬೆಳಗಿನ ರೈಲಿನಲ್ಲಿ ಪಾಂಡವಪುರ ಬರುವವರೆಗೆ ವಿಡಿಯೊ ನೋಡುವುದು, ಅಲ್ಲಿಂದ ಮೈಸೂರಿನವರೆಗೆ ಫೋನು ಜೇಬಿಗೆ ಹಾಕಿ ನೆನಪಿನಿಂದ ಬರೆಯುವುದು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರೂ, ವಾರದ ನಂತರ ಹೆಚ್ಚು ನೆನಪಿಟ್ಟುಕೊಂಡಿದ್ದವರು ಓದಿದ್ದನ್ನು ನೋಡದೆ ಬರೆದು ಅಭ್ಯಾಸ ಮಾಡಿದವರು.

ರಾತ್ರಿಯ ಸರದಿಯನ್ನು ಹಂಚಿಕೊಡುವಂತೆ ಟೀಮ್ ಲೀಡ್ ಬಳಿ ಅವರೇ ಮಾತನಾಡಿದರು. ಆತ, ‘ನೀವು ಬಿಟ್ಟುಕೊಡಲ್ಲ ಅಂದುಕೊಂಡಿದ್ದೆ ಸರ್’ ಎಂದರಂತೆ. ನಾಲ್ಕನೆಯ ತಿಂಗಳ ಕೊನೆಯ ರಾತ್ರಿ ಬಿಲ್ಲಿಂಗ್ ನೋಡಿಕೊಂಡದ್ದು ಆ 26 ವರ್ಷದ ಸಹೋದ್ಯೋಗಿ. ಎರಡು ಗಂಟೆಯಾದರೂ ಫೋನು ಬಾರದಿದ್ದಾಗ ಇವರೇ ಕರೆ ಮಾಡಿದರು. ‘ಒಂದೂಕಾಲಿಗೇ ಮುಗೀತು ಸರ್, ಮಲಗಿ’ ಎಂಬ ಉತ್ತರ ಬಂತು. ಆದರೂ ಬೆಳಗಿನವರೆಗೆ ನಿದ್ದೆ ಹತ್ತಲಿಲ್ಲವೆಂದು ಕಳೆದ ವಾರ ನನ್ನ ಬಳಿ ದೂರಿದ್ದಾರೆ. ಮುಂದಿನ ಭೇಟಿಯನ್ನು ಆ ನಿದ್ದೆಗೆಂದೇ ಮೀಸಲಿಟ್ಟಿದ್ದೇವೆ.