ದೂರದಿಂದಲೇ ತೊಗಟೆ ಮತ್ತು ಆಕಾರ ನೋಡಿ ಮರಗಳನ್ನು ಗುರುತಿಸಲು ಕಲಿಯುವುದು ಹೇಗೆ?

ಹತ್ತಿರ ಹೋಗದೆಯೇ ಮರದ ಹೆಸರು ಹೇಳುವಂತಾಗಬೇಕೆಂಬ ನಿಮ್ಮ ಹಂಬಲ ಹಿಂದೊಮ್ಮೆ ನನ್ನದೂ ಆಗಿತ್ತು. ಅದಕ್ಕಾಗಿ ನಾನು ಎರಡು ತಿಂಗಳ ಕೆಲಸವನ್ನು ಕಳೆದುಕೊಂಡೆ.

ಆಗ ನಾನು ಮರಗಣತಿಯ ತಂಡವೊಂದರಲ್ಲಿದ್ದೆ. ಹೊಳೆಯ ಆಚೆ ದಡದಲ್ಲಿ ನಯವಾದ ಬಿಳಿ ಕಾಂಡದ ಮರಗಳು ಸಾಲಾಗಿ ನಿಂತಿದ್ದವು. ನೀರಿಗಿಳಿಯುವ ಬದಲು ದುರ್ಬೀನಿನಲ್ಲಿ ನೋಡಿ, ಎಲ್ಲವನ್ನೂ ನಂದಿ ಮರ ಎಂದು ಬರೆದುಕೊಂಡೆ. ಹೊಳೆಯುದ್ದಕ್ಕೂ ಹಾಗೆಯೇ ಮಾಡಿದೆ. ಅವು ಹೊಳೆಮತ್ತಿಗಳು.

ಬಿಳಿ ಕಾಂಡ ಕಂಡೊಡನೆ ನಂದಿ ಎಂದದ್ದಷ್ಟೇ ನನ್ನ ತಪ್ಪಲ್ಲ. ಹೊಳೆಮತ್ತಿಯ ಹೆಸರನ್ನು ನಾನು ಮನಸ್ಸಿಗೇ ತಂದುಕೊಳ್ಳಲಿಲ್ಲ. ಮತ್ತಿಯ ತೊಗಟೆ ಕಪ್ಪಾಗಿ, ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಬಿರುಕು ಬಿಟ್ಟಿರುತ್ತದೆ. ಹೊಳೆಮತ್ತಿಯೂ ಅದೇ ಟರ್ಮಿನೇಲಿಯಾ ಕುಲದ್ದಾದ್ದರಿಂದ ಅದರ ತೊಗಟೆಯೂ ಹಾಗೆಯೇ ಇರಬೇಕೆಂದು ಭಾವಿಸಿದ್ದೆ. ಆದರೆ ತೊಗಟೆ ಕುಲವನ್ನು ಅನುಸರಿಸುವುದಿಲ್ಲ. ಮತ್ತಿ ತನ್ನ ಹಳೆಯ ತೊಗಟೆಯನ್ನು ಉಳಿಸಿಕೊಳ್ಳುವುದರಿಂದ ಕಾಂಡ ದಪ್ಪವಾದಂತೆ ಅದು ಸೀಳುತ್ತದೆ; ಹೊಳೆಮತ್ತಿಯಾದರೋ ಹೊರಪದರವನ್ನು ಹಾಳೆಹಾಳೆಯಾಗಿ ಉದುರಿಸಿ ನಯವಾಗಿಯೇ ಉಳಿಯುತ್ತದೆ. ಬೇರೆ ಕುಲದ ನಂದಿಯೂ ಹೀಗೆಯೇ ತೊಗಟೆ ಸುಲಿಯುತ್ತದೆ. ಹತ್ತಿರದಿಂದ ನೋಡಿದರೆ ನಂದಿಯ ಸಿಪ್ಪೆ ಕಾಗದದಷ್ಟು ತೆಳುವೆಂದೂ, ಹೊಳೆಮತ್ತಿಯ ಬೂದುಬಿಳುಪಿನಲ್ಲಿ ನಸುಗೆಂಪು ಅಥವಾ ಹಸಿರು ಛಾಯೆಯಿದೆಯೆಂದೂ ತಿಳಿಯುತ್ತದೆ, ಆದರೆ ನೂರು ಮೀಟರ್ ದೂರಕ್ಕೆ ಎರಡೂ ಬರಿಯ ಬಿಳಿ ಕಂಬಗಳು. ಬುಡ ನೀರಿನ ಅಂಚಿನಲ್ಲಿತ್ತು, ಹೆಸರಿನಲ್ಲೇ ಹೊಳೆಯಿತ್ತು. ಆದರೂ ನನಗೆ ಹೊಳೆಯಲಿಲ್ಲ. ನಮ್ಮ ಹಿರಿಯರೊಬ್ಬರು ಹೊಳೆ ದಾಟಿ, ಮರದಡಿಯಿಂದ ಐದು ರೆಕ್ಕೆಗಳಿರುವ ಗಟ್ಟಿ ಕಾಯೊಂದನ್ನು ತಂದು ನನ್ನ ಕೈಗಿತ್ತಾಗ ನನ್ನ ಪಟ್ಟಿಗೆ ಬೆಲೆ ಉಳಿಯಲಿಲ್ಲ. ನಂದಿಯ ಕಾಯಿಗೆ ರೆಕ್ಕೆಯಿರುವುದಿಲ್ಲ.

ಆದ್ದರಿಂದ ದೂರದಿಂದಲೇ ಹೆಸರಿಡಬೇಕೆಂಬ ನಿಮ್ಮ ಗುರಿಯನ್ನು ನಾನು ಒಪ್ಪುವುದಿಲ್ಲ. ದೂರದ ನೋಟದಿಂದ ಸಿಗುವುದು ನಾಲ್ಕೈದು ಸಾಧ್ಯತೆಗಳು ಮಾತ್ರ. ಅವುಗಳಲ್ಲಿ ಒಂದನ್ನು ಆರಿಸಬೇಕಾದರೆ ಎಲೆ, ಕಾಯಿ ಅಥವಾ ಹೂವು ಕೈಗೆ ಬರಬೇಕು. ದೂರದಿಂದಲೇ ನೋಡಬೇಕಾದಾಗ ತೊಗಟೆಯ ಬಣ್ಣವನ್ನು ಕೊನೆಗಿಡಿ, ಏಕೆಂದರೆ ಮಳೆಯಲ್ಲಿ ನೆನೆದಾಗ ಅದು ಕಪ್ಪಾಗುತ್ತದೆ, ಕಲ್ಲುಹೂವು ಹಬ್ಬಿದರೆ ಬೇರೆಯೇ ಆಗಿ ಕಾಣುತ್ತದೆ. ಹಂದರದ ಹೊರರೇಖೆಯನ್ನೂ ಪೂರ್ತಿ ನಂಬಬೇಡಿ. ಬಯಲಿನಲ್ಲಿ ಅಗಲವಾಗಿ ಹರಡುವ ಮರವೇ ದಟ್ಟ ಕಾಡಿನಲ್ಲಿ ಬೆಳಕಿಗಾಗಿ ನೆಟ್ಟಗೆ ಏರುತ್ತದೆ. ಇವೆರಡಕ್ಕಿಂತ ಕೊಂಬೆಗಳು ಕಾಂಡದಿಂದ ಹೊರಡುವ ಕ್ರಮ ಹೆಚ್ಚು ನಂಬಿಕೆಗೆ ಅರ್ಹ. ಫ್ರಾನ್ಸಿನ ಸಸ್ಯವಿಜ್ಞಾನಿ ಫ್ರಾನ್ಸಿಸ್ ಹಾಲೆ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಮರಗಳ ಬೆಳವಣಿಗೆಯನ್ನು 23 ಮಾದರಿಗಳಾಗಿ ವಿಂಗಡಿಸಿದ್ದು ಇಂತಹ ಕ್ರಮವನ್ನು ಆಧರಿಸಿಯೇ.

ನಿಮಗೆ ಖಚಿತವಾಗಿ ಗೊತ್ತಿರುವ ಮರವೊಂದರ ಬುಡದಿಂದ ಹಿಂದಕ್ಕೆ ನಡೆಯುತ್ತ, ಇಪ್ಪತ್ತು, ಐವತ್ತು, ನೂರು ಮೀಟರುಗಳಲ್ಲಿ ನಿಂತು, ಯಾವ ಲಕ್ಷಣ ಎಲ್ಲಿ ಮರೆಯಾಯಿತೆಂದು ಬರೆದುಕೊಳ್ಳಿ. ಬೂರುಗದಿಂದ ಆರಂಭಿಸಬಹುದು. ಎಳೆಯ ಮರದ ಕಾಂಡದ ಮುಳ್ಳುಗಳು ಬೇಗ ಕಣ್ಮರೆಯಾಗುತ್ತವೆ. ಅಂತಸ್ತು ಅಂತಸ್ತಾಗಿ ಸುತ್ತಲೂ ಅಡ್ಡ ಚಾಚಿದ ಕೊಂಬೆಗಳು ನೂರು ಮೀಟರಿನಾಚೆಗೂ ಕಾಣುತ್ತಿರುತ್ತವೆ.