ಫೋನ್ ನನ್ನದು, ನೆಟ್ ಊರಿನದ್ದು

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹಾಟ್‌ಸ್ಪಾಟ್, ಅಂದರೆ ಒಂದು ಫೋನಿನ ನೆಟ್ಟನ್ನು ವೈಫೈ ಮಾಡಿ ಬೇರೆಯವರಿಗೆ ಹಂಚುವುದರ ಬಗ್ಗೆಯೇ. ಹಾಗಾಗಿ ಒಡೆದ ಸ್ಕ್ರೀನು, ಊದಿದ ಬ್ಯಾಟರಿ ಎಲ್ಲ ಮುಂದಿನ ತಿಂಗಳಿಗೆ. ಹೊಸ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಇಂಜಿನಿಯರ್ ಅಲ್ಲ. ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಮೊದಲು ಇದೇ ಜಾಗದಲ್ಲಿ ನನ್ನ ಎಸ್‌ಟಿಡಿ ಬೂತ್ ಇತ್ತು. ರಾತ್ರಿ ಹನ್ನೊಂದರ ಮೇಲೆ ಚಾರ್ಜು ಕಾಲು ಭಾಗ ಮಾತ್ರ ಅಂತ ಹೋಟೆಲ್ ಹುಡುಗರು ಸಾಲು ನಿಲ್ಲುತ್ತಿದ್ದರು. ಒಂದೇ ಲೈನು, ಇಪ್ಪತ್ತು ಜನ. ಹಂಚಿಕೊಳ್ಳುವುದು ನಮಗೇನು ಹೊಸದಲ್ಲ.

ಪ್ರಶ್ನೆ: ಮನೆಯ ಬ್ರಾಡ್‌ಬ್ಯಾಂಡ್ ಕೈಕೊಟ್ಟಾಗ ಮಗ ನನ್ನ ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಹಾಕುತ್ತಾನೆ. ನನ್ನದು ದಿನಕ್ಕೆ 2 ಜಿಬಿ ಪ್ಲಾನು. ಬೆಳಿಗ್ಗೆ ಹನ್ನೊಂದಕ್ಕೇ ಖಾಲಿ. ಕೇಳಿದರೆ ‘ಬರೀ ಮೇಲ್ ನೋಡಿದೆ ಅಮ್ಮಾ’ ಅಂತಾನೆ. ನಂಬಬೇಕಾ? (ಓದುಗಿ, ಮುಲುಂಡ್)

ನಂಬಿ ಅಕ್ಕಾ. ಈ ಒಂದು ವಿಷಯದಲ್ಲಿ ನಂಬಬಹುದು. ತಿಂದದ್ದು ಮಗ ಅಲ್ಲ, ಅವನ ಲ್ಯಾಪ್‌ಟಾಪ್.

ನಿಮ್ಮ ಫೋನಿಗೆ ತನ್ನ ಹತ್ತಿರ 2 ಜಿಬಿ ಮಾತ್ರ ಇದೆ ಅಂತ ಗೊತ್ತಿರಬಹುದು. ಲ್ಯಾಪ್‌ಟಾಪ್‌ಗೆ ಅದು ಗೊತ್ತಿಲ್ಲ. ಅದಕ್ಕೆ ಕಾಣುವುದು ಒಂದು ವೈಫೈ, ಅಷ್ಟೇ. ವೈಫೈ ಅಂದರೆ ಧರ್ಮದ ಊಟ ಅಂತ ಅದರ ತಿಳುವಳಿಕೆ. ಎಲೆ ಹಾಕಿದ್ದೇ ತಡ, ಕೂತುಬಿಡುತ್ತದೆ. ವಿಂಡೋಸ್ ಅಪ್‌ಡೇಟ್ ಹಿಂದಿನಿಂದ ಇಳಿಯುತ್ತದೆ. ಫೋಟೋ, ಫೈಲು ಎಲ್ಲ ಕ್ಲೌಡಿಗೆ ಹತ್ತುತ್ತವೆ. ಮಗ ಮೇಲ್ ಓದುತ್ತಾ ಕೂತಿರುತ್ತಾನೆ, ಪಾಪ.

ಹೋದ ವಾರ ಒಬ್ಬರು ಲ್ಯಾಪ್‌ಟಾಪ್ ತಂದು ಇದೇ ಗೋಳು ಹೇಳಿಕೊಂಡರು. ನಾನು ಅದರಲ್ಲಿ ಸೆಟ್ಟಿಂಗ್ಸ್ ತೆಗೆದು, ನೆಟ್‌ವರ್ಕ್ ಅಂಡ್ ಇಂಟರ್ನೆಟ್ ಒಳಗೆ ಹೋಗಿ, ಡೇಟಾ ಯೂಸೇಜ್ ಒತ್ತಿದೆ. ಯಾವ ಪ್ರೋಗ್ರಾಂ ಎಷ್ಟು ತಿಂದಿದೆ ಅಂತ ಅಲ್ಲಿ ಪಟ್ಟಿ ಬರುತ್ತದೆ. ಎಲ್ಲಕ್ಕಿಂತ ಮೇಲೆ ‘ಸಿಸ್ಟಮ್’ ಅಂತ ಇತ್ತು. ಅವರು ನನ್ನನ್ನೇ ಕೇಳಿದರು: ‘ಈ ಸಿಸ್ಟಮ್ ಯಾರು ಮಾರಾಯ್ರೆ?’ ವಿಂಡೋಸೇ ಸ್ವಾಮೀ, ಇನ್ಯಾರು!

ಇದಕ್ಕೆ ಮದ್ದು ಉಂಟು. ಲ್ಯಾಪ್‌ಟಾಪ್ ನಿಮ್ಮ ಹಾಟ್‌ಸ್ಪಾಟಿಗೆ ಸೇರಿಕೊಂಡಿರುವಾಗಲೇ ವೈಫೈ ಸೆಟ್ಟಿಂಗಿಗೆ ಹೋಗಿ, ಆ ಹೆಸರಿನ ಪ್ರಾಪರ್ಟೀಸ್ ತೆಗೆದು, ‘ಮೀಟರ್ಡ್ ಕನೆಕ್ಷನ್’ ಅನ್ನುವುದನ್ನು ಆನ್ ಮಾಡಿ. ಒಂದೇ ಸಲ ಸಾಕು. ಆ ಹೆಸರಿನ ಹಾಟ್‌ಸ್ಪಾಟ್ ಸಿಕ್ಕಾಗೆಲ್ಲ ಅದು ಕೈ ಬಿಗಿ ಹಿಡಿಯುತ್ತದೆ. ಬಹುತೇಕ ಅಪ್‌ಡೇಟುಗಳು ಕಾಯುತ್ತವೆ, ಕ್ಲೌಡಿಗೆ ಫೈಲು ಹತ್ತಿಸುವ ಒನ್‌ಡ್ರೈವ್ ಸುಮ್ನೆ ಕೂರುತ್ತದೆ. ನನಗಂತೂ ಆ ‘ಮೀಟರ್ಡ್’ ಅನ್ನುವ ಶಬ್ದ ನೋಡಿ ಖುಷಿಯಾಯಿತು. ಬೂತಿನಲ್ಲಿ ನಮ್ಮ ಗಿರಾಕಿಗಳ ಕಣ್ಣೆದುರೇ ಕೆಂಪು ಅಂಕಿ ಓಡುತ್ತಿತ್ತು. ‘ಆಯ್ತು ಆಯ್ತು, ಇಡ್ತೇನೆ’ ಅಂತ ಊರಿನ ಅಮ್ಮನ ಮಾತನ್ನು ಅರ್ಧಕ್ಕೇ ಕಡಿಯುತ್ತಿದ್ದರು. ಹಾಟ್‌ಸ್ಪಾಟಿನಲ್ಲಿ ಆ ಕೆಂಪು ಅಂಕಿ ಇಲ್ಲ. ನಾವೇ ಹುಡುಕಿ ನೋಡಬೇಕು. ನಿಮ್ಮ ಫೋನಿನ ಡೇಟಾ ಬಳಕೆಯ ಪಟ್ಟಿಯಲ್ಲಿ ಹಾಟ್‌ಸ್ಪಾಟಿಗೇ ಒಂದು ಸಾಲು ಇರುತ್ತದೆ, ಅದನ್ನು ವಾರಕ್ಕೊಮ್ಮೆ ನೋಡಿ.

ಇನ್ನು ಮಗನಿಗೂ ಒಂದು ಪ್ರಶ್ನೆ ಕೇಳಿ: ಮೀಟಿಂಗ್ ಇತ್ತಾ ಅಂತ. ವಿಡಿಯೋ ಕಾಲ್ ಸಣ್ಣ ಬಾಬತ್ತಲ್ಲ. ಝೂಮಿನಲ್ಲಿ ಇಬ್ಬರ ನಡುವಿನ ಒಂದು ಗಂಟೆಯ ಕಾಲ್‌ಗೆ ಗುಣಮಟ್ಟ ನೋಡಿಕೊಂಡು ಸುಮಾರು ಅರ್ಧ ಜಿಬಿಯಿಂದ ಒಂದೂವರೆ ಜಿಬಿಗೂ ಮೇಲೆ ಹೋಗಬಹುದು. ಮುಖ ತೋರಿಸುವ ಅಗತ್ಯ ಇಲ್ಲದಿದ್ದರೆ ಕ್ಯಾಮೆರಾ ಮುಚ್ಚಲಿ. ಮಧ್ಯಾಹ್ನ ಊಟದ ಹೊತ್ತಿಗೆ ಎಚ್‌ಡಿ ಸಿನಿಮಾ ಹಾಕಿದರೆ ಕತೆಯೇ ಬೇರೆ. ನೆಟ್‌ಫ್ಲಿಕ್ಸಿನ ಎಚ್‌ಡಿ ಗಂಟೆಗೆ 3 ಜಿಬಿ ತನಕ ಎಳೆಯುತ್ತದೆ. ನಿಮ್ಮ ಇಡೀ ದಿನದ ಪಾಲು ಇಂಟರ್ವಲ್ ಮುಟ್ಟುವುದೂ ಕಷ್ಟ.

ಪ್ರಶ್ನೆ: ಫೋರ್ಟಿನಲ್ಲಿ ಕ್ಯಾಂಟೀನ್ ಕೆಲಸ. ರೂಮಿನಲ್ಲಿ ಐದು ಜನ ಇದ್ದೇವೆ. ನಾನು ದೊಡ್ಡ ರೀಚಾರ್ಜ್ ಮಾಡಿಸುತ್ತೇನೆ, ಉಳಿದವರು ದುಡ್ಡು ಹಾಕುತ್ತಾರೆ, ಹಾಟ್‌ಸ್ಪಾಟ್ ಎಲ್ಲರಿಗೂ. ಈಗ ನೋಡಿದರೆ ಎಂಟು ಫೋನ್ ತೋರಿಸ್ತಾ ಇದೆ! ಫೋನೂ ದೋಸೆ ಕಾವಲಿ ಆಗುತ್ತೆ. ಏನು ಮಾಡಲಿ? (ಓದುಗ, ಮುಂಬಯಿ)

ತಮ್ಮಾ, ನಿನ್ನದನ್ನು ಬಿಟ್ಟು ನಾಲ್ಕು ಇರಬೇಕಾದದ್ದು ಎಂಟಾದದ್ದು ಹೇಗೆ ಅಂತ ಮೊದಲು ಹೇಳುತ್ತೇನೆ. ನೀನು ಪಾಸ್‌ವರ್ಡ್ ಹೇಳಿದ್ದು ನಾಲ್ಕು ಜನಕ್ಕೆ. ಆದರೆ ಈಗಿನ ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಹೆಸರಿನ ಒಳಗೆ ‘ಶೇರ್’ ಅಂತ ಇರುತ್ತದೆ. ಒತ್ತಿದರೆ ಒಂದು ಕ್ಯೂಆರ್ ಚೌಕ ಬರುತ್ತದೆ. ಪಕ್ಕದ ರೂಮಿನವನು ಅದನ್ನು ಸ್ಕ್ಯಾನ್ ಮಾಡಿದರೆ ಮುಗಿಯಿತು, ಬಾಯಿಬಿಟ್ಟು ಹೇಳುವುದೇ ಬೇಡ. ಯಾರು ತೋರಿಸಿದರು ಅಂತ ಜಗಳ ಮಾಡಬೇಡ. ಪಾಸ್‌ವರ್ಡ್ ಬದಲಿಸು. ಎಂಟಕ್ಕಿಂತ ಕಡಿಮೆ ಅಕ್ಷರ ಅದು ಒಪ್ಪುವುದಿಲ್ಲ. ನೀನು 12345678 ಅಂತ ಇಟ್ಟಿದ್ದೀಯ ಅಂತ ನನಗೊಂದು ಗುಮಾನಿ.

ಬೇಡದ ಫೋನನ್ನು ಬ್ಲಾಕ್ ಮಾಡುವ ಆಯ್ಕೆ, ಇಷ್ಟೇ ಜನ ಸೇರಬಹುದು ಅನ್ನುವ ಮಿತಿ, ಇಷ್ಟು ಎಂಬಿ ಆದಮೇಲೆ ಬಂದ್ ಅನ್ನುವ ಮಿತಿ ಕೂಡ ಹಲವು ಫೋನುಗಳ ಹಾಟ್‌ಸ್ಪಾಟ್ ಪುಟದಲ್ಲಿ ಇವೆ. ನಿನ್ನದರಲ್ಲಿ ಇದ್ದರೆ ನಾಲ್ಕಕ್ಕೆ ಬಿಗಿದುಬಿಡು.

ಡೇಟಾ ಹೋದರೆ ಹೋಯಿತು, ರಾತ್ರಿ ಹನ್ನೆರಡಾದರೆ ಮತ್ತೆ ಬರುತ್ತದೆ. ನನಗೆ ಹೆದರಿಕೆ ಬೇರೆ ವಿಷಯದ್ದು. ಆ ಎಂಟೂ ಫೋನಿನಿಂದ ಏನು ಮಾಡಿದರೂ ಹೊರಗಿನ ಲೋಕಕ್ಕೆ ಕಾಣುವುದು ನಿನ್ನ ಸಿಮ್ಮಿನ ಸಂಪರ್ಕ. ಗುರುತಿಲ್ಲದ ಒಬ್ಬ ಕೂತು ಯಾರಿಗಾದರೂ ಬೆದರಿಕೆ ಮೇಲ್ ಕಳಿಸಿದ, ಯಾರದ್ದಾದರೂ ಖಾತೆಗೆ ಕೈ ಹಾಕಿದ ಅಂತಿಟ್ಟುಕೋ. ಪೊಲೀಸರು ಮೊದಲು ಬಾಗಿಲು ತಟ್ಟುವುದು ಆಧಾರ್ ಕೊಟ್ಟು ಸಿಮ್ ತಗೊಂಡವನದ್ದು. ಬೂತಿನಲ್ಲಿ ನನಗೆ ಒಂದು ಸಲ ಹೀಗಾಗಿದೆ. ಯಾರೋ ಬಂದು ಯಾರಿಗೋ ಫೋನ್ ಮಾಡಿ ಬೈದು ಹೋಗಿದ್ದ. ನಾನು ಮೂರು ದಿನ ಠಾಣೆಗೆ ಅಲೆದೆ.

ಬಿಸಿಯ ಬಗ್ಗೆ: ನಿನ್ನ ಫೋನ್ ಒಂದೇ ಹೊತ್ತಿಗೆ ಎರಡು ಕೆಲಸ ಮಾಡುತ್ತಿದೆ. ಒಂದು ಕಡೆ ಟವರಿನಿಂದ ಎಳೆಯಬೇಕು, ಇನ್ನೊಂದು ಕಡೆ ಎಂಟು ಜನಕ್ಕೆ ಬಡಿಸಬೇಕು. ಬಿಸಿಯಾಗದೆ ಇರುತ್ತದಾ? ಸಿಗ್ನಲ್ ಒಂದೇ ಕಡ್ಡಿ ಇದ್ದರೆ ಇನ್ನೂ ಜಾಸ್ತಿ ಒದ್ದಾಡುತ್ತದೆ. ಕಿಟಕಿ ಹತ್ತಿರ ಇಡು, ಬಿಸಿಲಿಗೆ ಬೇಡ. ಕವರ್ ತೆಗೆ. ಚಾರ್ಜಿಗೆ ಹಾಕಿ ದಿಂಬಿನ ಕೆಳಗೆ ಮಾತ್ರ ಇಡಬೇಡ. ಹಾಗೆ ಇಟ್ಟು ಊದಿದ ಬ್ಯಾಟರಿಗಳು ನನ್ನ ಡ್ರಾಯರಿನಲ್ಲಿ ಬೇಕಾದಷ್ಟಿವೆ.

ಪ್ರಶ್ನೆ: ನನ್ನ ಐಫೋನ್ ಹಾಟ್‌ಸ್ಪಾಟ್ ಅಪ್ಪನ ಹಳೇ ಲ್ಯಾಪ್‌ಟಾಪಿಗೆ ಕಾಣುವುದೇ ಇಲ್ಲ. ಉಳಿದ ಫೋನಿಗೆಲ್ಲ ಕಾಣುತ್ತೆ. (ಓದುಗಿ, ಪುಣೆ)

ಪರ್ಸನಲ್ ಹಾಟ್‌ಸ್ಪಾಟ್ ಪುಟದಲ್ಲಿ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಅಂತ ಇದೆ. ಆನ್ ಮಾಡಮ್ಮಾ. ಐಫೋನ್ 12ರಿಂದ ಈಚಿನವು 5 ಗಿಗಾಹರ್ಟ್ಸ್ ಅನ್ನುವ ವೈಫೈ ತರಂಗದಲ್ಲಿ ಹಂಚುತ್ತವೆ, ಹಳೇ ಲ್ಯಾಪ್‌ಟಾಪಿಗೆ 2.4 ಮಾತ್ರ ಕೇಳಿಸುತ್ತದೆ. ಅದನ್ನು ಆನ್ ಮಾಡಿದರೆ ಫೋನ್ 2.4ಕ್ಕೆ ಇಳಿಯುತ್ತದೆ. ವೇಗ ಸ್ವಲ್ಪ ಕಡಿಮೆ, ಆದರೆ ಗೋಡೆ ದಾಟಿ ಒಳಕೋಣೆಗೂ ಚೆನ್ನಾಗಿ ಹೋಗುತ್ತದೆ. ಅಪ್ಪ ಸೇರಿಕೊಳ್ಳುವ ತನಕ ನೀನು ಆ ಪುಟದಲ್ಲೇ ಇರು, ಸ್ಕ್ರೀನ್ ಆರಿಸಬೇಡ. ಆಂಡ್ರಾಯ್ಡಿನವರಿಗೂ ಇದೇ ತೊಂದರೆ ಬಂದರೆ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ‘ಬ್ಯಾಂಡ್’ ಅಂತ ಹುಡುಕಿ, 2.4 ಆರಿಸಿ.

ಪ್ರಶ್ನೆ: ಅಂಗಡಿಯ ಕಂಪ್ಯೂಟರಿಗೆ ವೈಫೈ ಇಲ್ಲ. ಫೋನಿನ ನೆಟ್ ಕೊಡಬಹುದಾ? ಕೇಬಲ್ ಹಾಕಿದೆ, ಅದರ ಮೂಲಕ ನೆಟ್ ದಾಟಿಸುವ ‘ಯುಎಸ್‌ಬಿ ಟೆಥರಿಂಗ್’ ಒತ್ತಲಿಕ್ಕೇ ಆಗುವುದಿಲ್ಲ, ಮಂಕಾಗಿದೆ. (ಓದುಗ, ಮಡಗಾಂವ್)

ಫೋನ್ ಸರಿ ಇದೆ, ಕೇಬಲ್ ಕಳ್ಳ. ಪ್ಲಾಟ್‌ಫಾರ್ಮಿನಲ್ಲಿ ಮಾರುವ ಅಗ್ಗದ ಕೇಬಲ್‌ಗಳಲ್ಲಿ ಹಲವು ಬರೀ ಚಾರ್ಜಿಂಗಿನವು. ನಾನು ಒಂದನ್ನು ಬ್ಲೇಡಿನಿಂದ ಸೀಳಿ ಗಿರಾಕಿಗಳಿಗೆ ತೋರಿಸಲಿಕ್ಕೆ ಅಂತಲೇ ಕೌಂಟರಿನ ಮೇಲೆ ಇಟ್ಟಿದ್ದೇನೆ. ಒಳಗೆ ಎರಡೇ ತಂತಿ, ಕೆಂಪು ಮತ್ತು ಕಪ್ಪು, ಕರೆಂಟಿಗೆ. ಮಾಮೂಲು ಯುಎಸ್‌ಬಿ ಕೇಬಲಿನಲ್ಲಿ ಇನ್ನೆರಡು ಇರಬೇಕು, ಬಿಳಿ ಮತ್ತು ಹಸಿರು. ಡೇಟಾ ಓಡುವುದು ಅವುಗಳಲ್ಲಿ. ಅವಿಲ್ಲದಿದ್ದರೆ ಕಂಪ್ಯೂಟರ್ ಸಿಕ್ಕಿದೆ ಅಂತ ಫೋನಿಗೆ ಗೊತ್ತಾಗುವುದು ಹೇಗೆ? ಫೋನಿನ ಜೊತೆ ಬಂದ ಕೇಬಲ್ ಹಾಕಿ ನೋಡಿ.

ನನ್ನ ಕೇಳಿದರೆ ಒಂದೇ ಕಂಪ್ಯೂಟರ್ ಇದ್ದವರಿಗೆ ಕೇಬಲ್‌ನಷ್ಟು ಒಳ್ಳೆಯದು ಇಲ್ಲ. ಪಾಸ್‌ವರ್ಡಿನ ಗೋಜಿಲ್ಲ, ಪಕ್ಕದ ಅಂಗಡಿಯವನು ನುಗ್ಗುವ ಹಾಗಿಲ್ಲ, ಫೋನೂ ಚಾರ್ಜ್ ಆಗುತ್ತಿರುತ್ತದೆ. ಇನ್ನೊಂದು ಲಾಭ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆಂಡ್ರಾಯ್ಡ್ ಫೋನ್ ಯಾವುದಾದರೂ ವೈಫೈಗೆ ಸೇರಿದ್ದರೆ, ಅದೇ ವೈಫೈಯನ್ನೂ ಕೇಬಲಿನ ಮೂಲಕ ಕಂಪ್ಯೂಟರಿಗೆ ದಾಟಿಸುತ್ತದೆ. ಬ್ಲೂಟೂತಿನಲ್ಲೂ ನೆಟ್ ಕೊಡಬಹುದು. ಬಹಳ ನಿಧಾನ. ಮೇಲ್‌ಗೆ ಸಾಕು, ಬ್ಯಾಟರಿ ಕಡಿಮೆ ತಿನ್ನುತ್ತದೆ.

ಪ್ರಶ್ನೆ: ಮತ್ಸ್ಯಗಂಧದಲ್ಲಿ ಉಡುಪಿಗೆ ಹೋಗುತ್ತಿದ್ದೇವೆ. ದಾರಿಯಲ್ಲೇ ಮಗಳಿಗೆ ಆನ್‌ಲೈನ್ ಪರೀಕ್ಷೆ ಇದೆ. ನನ್ನ ಹಾಟ್‌ಸ್ಪಾಟಿನಲ್ಲಿ ಬರೆಯಬಹುದಾ? (ಓದುಗ, ನೆರೂಲ್)

ಬೇಡ ಸ್ವಾಮೀ. ಆ ದಾರಿಯಲ್ಲಿ ನಾನೂ ಎಷ್ಟೋ ಸಲ ಹೋಗಿದ್ದೇನೆ. ಕೊಂಕಣ ರೈಲು ಅಂದರೆ ಗುಡ್ಡ, ಸುರಂಗ, ಮತ್ತೆ ಗುಡ್ಡ. ಎಲ್ಲ ಸೇರಿ 90ಕ್ಕೂ ಹೆಚ್ಚು ಸುರಂಗ ಇವೆ. ರತ್ನಾಗಿರಿ ಹತ್ತಿರದ ಕರ್ಬುಡೆ ಒಂದೇ ಆರೂವರೆ ಕಿಲೋಮೀಟರ್. ಒಳಗೆ ಹೊಕ್ಕರೆ ಹೊರಗೆ ಬರುವ ತನಕ ನೆಟ್ಟಿನ ಆಸೆ ಬಿಡಿ. ಹೊರಗೆ ಬಂದ ಕೂಡಲೇ ಸಿಗುತ್ತದೆ ಅಂತಲೂ ಇಲ್ಲ, ಫೋನ್ ಟವರ್ ಹುಡುಕಿಕೊಳ್ಳಬೇಕು. ಎರಡು ಸಿಮ್ ಇದ್ದರೂ ಗುಡ್ಡ ಎರಡಕ್ಕೂ ಒಂದೇ. ಪಾಠದ ವಿಡಿಯೋ ಆದರೆ ಮನೆಯಲ್ಲೇ ಇಳಿಸಿಕೊಂಡು ಹೋಗಿ ಅನ್ನುತ್ತಿದ್ದೆ. ಪರೀಕ್ಷೆಗೆ ಟಿಕೆಟನ್ನೇ ಒಂದು ದಿನ ಮುಂದೆ ಹಾಕಿ.

ಪ್ರಶ್ನೆ: ನಿಮಗೆ ಯಾವತ್ತಾದರೂ ಹಾಟ್‌ಸ್ಪಾಟಿನಿಂದ ಪೆಟ್ಟು ಬಿದ್ದಿದೆಯಾ? ಬರೀ ನಮಗೇ ಉಪದೇಶ ಮಾಡ್ತೀರಲ್ಲ! (ಓದುಗ, ಠಾಣೆ)

ಬಿದ್ದಿದೆ. ಕಲ್ಯಾಣದಲ್ಲಿ ತಂಗಿ ಮನೆ. ಒಂದು ಚೌತಿಗೆ ಅವಳ ಹೊಸ ಟಿವಿಗೆ ನನ್ನ ಹಾಟ್‌ಸ್ಪಾಟ್ ಕೊಟ್ಟು ಊರಿನ ಯಕ್ಷಗಾನ ತೋರಿಸಿದೆ. ಎಲ್ಲರಿಗೂ ಖುಷಿ. ನಾನು ಮರೆತೆ, ಟಿವಿ ಮರೆಯಲಿಲ್ಲ. ಮುಂದಿನ ತಿಂಗಳು ಹೋದಾಗ ಭಾವನಿಗೆ ಏನೋ ಡೌನ್‌ಲೋಡ್ ಮಾಡಲಿಕ್ಕೆ ಹಾಟ್‌ಸ್ಪಾಟ್ ಆನ್ ಮಾಡಿದೆ. ಟಿವಿಯೂ ಸದ್ದಿಲ್ಲದೆ ಸೇರಿಕೊಂಡಿತು. ಸೋದರಳಿಯ ಕಾರ್ಟೂನ್ ಹಚ್ಚಿ ಕೂತಿದ್ದ. ಊಟ ಮುಗಿಸಿ ಸ್ಟೇಷನ್ನಿಗೆ ಬಂದು ರಿಕ್ಷಾದವನಿಗೆ ಯುಪಿಐ ಮಾಡಲು ಹೋದರೆ ಚಕ್ರ ತಿರುಗುತ್ತಲೇ ಇದೆ. ದಿನದ ಪಾಲು ಮುಗಿದು ನೆಟ್ಟಿನ ವೇಗ 64 ಕೆಬಿಪಿಎಸ್‌ಗೆ, ಅಂದರೆ ಆಮೆ ನಡಿಗೆಗೆ ಇಳಿದಿತ್ತು. ರಿಕ್ಷಾದವನು ನನ್ನ ಮುಖ ನೋಡುತ್ತಾನೆ, ನಾನು ಚಕ್ರ ನೋಡುತ್ತೇನೆ. ಕೊನೆಗೆ ಅವನೇ ಅವನ ಹಾಟ್‌ಸ್ಪಾಟ್ ಕೊಟ್ಟ!

ಅದಕ್ಕೇ ಹೇಳುವುದು, ಬೇರೆಯವರ ಟಿವಿಗೆ ಒಮ್ಮೆ ಕೊಟ್ಟರೆ ಏಳುವ ಮೊದಲು ಅದರ ವೈಫೈ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮೇಲೆ ಹೋಗಿ ‘ಫರ್ಗೆಟ್’ ಒತ್ತಿಬಿಡಿ.

ಪ್ರಶ್ನೆ: ಹಾಟ್‌ಸ್ಪಾಟಿಗೆ ಕನ್ನಡದಲ್ಲಿ ಹೆಸರಿಡಬಹುದಾ? (ವಿದ್ಯಾರ್ಥಿ, ಪುಣೆ)

ಇಡಬಹುದು ಮಗಾ, ಆದರೆ ಜಿಪುಣನಾಗಬೇಕು. ವೈಫೈ ಹೆಸರಿಗೆ ಸಿಗುವ ಜಾಗ 32 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ್ದಕ್ಕೆ ಮೂರು ಬೇಕು. ಕೊಂಬು, ಗುಡಿಸು, ಸೊನ್ನೆಗೂ ಬೇರೆ ಮೂರು ಮೂರು. ‘ಡೊಂಬಿವಲಿ ಅಂಗಡಿ’ ಅಂತ ಇಡಬೇಕು ಅಂತ ನನಗೆ ಆಸೆ ಇತ್ತು. ಲೆಕ್ಕ ಹಾಕಿದರೆ 40 ಆಯಿತು. ‘ನಮ್ಮ ಅಂಗಡಿ’ಗೆ 28, ಹಿಡಿಸಿತು. ಕೆಲವು ಹಳೇ ಪ್ರಿಂಟರ್, ಟಿವಿಗಳಲ್ಲಿ ಅದು ಬರೀ ಚೌಕ ಚೌಕವಾಗಿ ಕಾಣುತ್ತದೆ, ಅದೊಂದು ತೊಂದರೆ. ಪಕ್ಕದ ವಡಾಪಾವ್ ಗಾಡಿಯ ಹುಡುಗನ ಫೋನಿನಲ್ಲಿ ಮಾತ್ರ ಚೆಂದ ಕಾಣುತ್ತದೆ. ಅವನು ಎರಡು ವರ್ಷದಿಂದ ಅದನ್ನು ತೆಲುಗು ಅಂದುಕೊಂಡಿದ್ದಾನೆ.