ಗುಹೆಯಿಂದ ಮುನ್ನೂರು ಕೋಣೆಯವರೆಗೆ

ಪ್ರಶ್ನೆ: ಮಗ ಬಲ್ಗೇರಿಯಾದಿಂದ ರಿಲಾ ಎಂಬ ಬೆಟ್ಟದ ಮಠದ ಫೋಟೋ ಕಳಿಸಿದ್ದಾನೆ. ಅದೂ ಆರ್ಥೊಡಾಕ್ಸ್, ನಮ್ಮೂರಿನ ಚರ್ಚೂ ಆರ್ಥೊಡಾಕ್ಸ್. ಎರಡೂ ಒಂದೇನಾ? ಸನ್ಯಾಸಿ ಇದ್ದ ಜಾಗ ಅಂತಾನೆ. ನೋಡಿದರೆ ಅರಮನೆ ಥರ ಇದೆಯಲ್ಲ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಒಂದೇ ಅಲ್ಲ. ನಿಮ್ಮದು ಮಲಂಕರ ಸಿರಿಯನ್ ಪರಂಪರೆ, ರಿಲಾ ಬಲ್ಗೇರಿಯನ್ ಚರ್ಚಿನದು. ಕ್ರಿಸ್ತನ ಸ್ವರೂಪದ ಬಗ್ಗೆ ಕ್ರಿ.ಶ. 451ರಲ್ಲಿ ಕಾಲ್ಸಿಡನ್ ಎಂಬಲ್ಲಿ ಸೇರಿದ ಬಿಷಪ್‌ಗಳ ಸಭೆಯ ತೀರ್ಮಾನ ಒಪ್ಪುವ ವಿಷಯದಲ್ಲಿ ಈ ಎರಡು ಕವಲು ಬೇರೆಯಾದವು.

ಅರಮನೆಯ ಮಾತಿಗೆ ಬರುತ್ತೇನೆ. ಉಡುಪಿಯಲ್ಲಿ ಮೂವತ್ತು ವರ್ಷ ಮನೆಗಳ ನಕ್ಷೆ ಬರೆದವನು ನಾನು. ನಿವೃತ್ತನಾದ ಮೇಲೆ ರಿಲಾಕ್ಕೆ ಹೋಗಿ ಒಂದಿಡೀ ದಿನ ಆ ಅಂಗಳದಲ್ಲಿ ಕೂತಿದ್ದೆ. 1147 ಮೀಟರ್ ಎತ್ತರದ ಜಾಗ, ಆಗುಂಬೆಗಿಂತಲೂ ಜಾಸ್ತಿ.

ನಿಮ್ಮ ಮಗ ಹೇಳಿದ ಸನ್ಯಾಸಿ ಸಂತ ಇವಾನರು. ಜನರ ಗದ್ದಲ ಬೇಡ ಅಂತಲೇ ಆ ಕಾಡಿನ ಗುಹೆ ಸೇರಿದವರು. ಶಿಷ್ಯರು ಬಿಡಬೇಕಲ್ಲ! ಹತ್ತಿರದಲ್ಲೇ ನೆಲೆಸಿದರು. 946ರಲ್ಲಿ ಇವಾನರು ತೀರಿಕೊಂಡ ಮೇಲೂ ಮಠ ಬೆಳೆಯಿತು. ಆದರೆ ಫೋಟೋದಲ್ಲಿ ಕಾಣುವುದು ಅಷ್ಟು ಹಳೆಯದಲ್ಲ. 1833ರ ಬೆಂಕಿಯಲ್ಲಿ ಮಠದ ಬಹುಭಾಗ ಸುಟ್ಟುಹೋಯಿತು. ಆಗ ಅಲ್ಲಿ ಆಟೊಮನ್ ತುರ್ಕರ ಆಳ್ವಿಕೆ. ಆದರೂ ಊರೂರಿನ ಬಲ್ಗೇರಿಯನ್ನರು ಹಣ ಕೊಟ್ಟು ಮತ್ತೆ ಕಟ್ಟಿಸಿದರು. ಅಂಗಳದ ಕಲ್ಲಿನ ಗೋಪುರ ಮಾತ್ರ 1330ರ ದಶಕದ್ದು.

ನಮ್ಮ ರಥಬೀದಿಯಲ್ಲಿ ದೇವಸ್ಥಾನಗಳ ಸುತ್ತ ಮಠಗಳು ನಿಂತಿವೆ ಅಲ್ವಾ? ಅಲ್ಲೂ ನಡುವೆ ಚರ್ಚು, ಸುತ್ತ ನಾಲ್ಕು ಅಂತಸ್ತು, ಸುಮಾರು 300 ಕೋಣೆ. ಹೊರಗಿನಿಂದ ಬರೀ ಕೋಟೆ. ಒಳಗೆ ಕಾಲಿಟ್ಟರೆ ಕಪ್ಪು, ಬಿಳಿ, ಕೆಂಪು ಪಟ್ಟೆಯ ಕಮಾನುಗಳು, ಮರದ ಜಗಲಿಗಳು. ಚರ್ಚಿನ ಹೊರಗೋಡೆಯ ತುಂಬಾ ಚಿತ್ರಗಳಿವೆ. ಬರೆದವರಲ್ಲಿ ಜಹಾರಿ ಜೋಗ್ರಾಫ್ ಎಂಬ ದೊಡ್ಡ ಕಲಾವಿದರೂ ಒಬ್ಬರು.

ನನ್ನನ್ನು ಅಲ್ಲಾಡದಂತೆ ನಿಲ್ಲಿಸಿದ್ದು ಅಡುಗೆಮನೆ. ಯಾತ್ರಿಕರಿಗೆ ಅನ್ನ ಬೇಯಿಸುತ್ತಿದ್ದ ದೊಡ್ಡ ಕೊಪ್ಪರಿಗೆ ಇನ್ನೂ ಅಲ್ಲಿದೆ. ತಲೆ ಎತ್ತಿದರೆ ಸೂರೇ ಇಲ್ಲ! ಅಡುಗೆಮನೆಯೇ ಹೊಗೆಗೂಡು. ಕಮಾನಿನ ಮೇಲೆ ಕಮಾನು ಕಟ್ಟುತ್ತ, ಕಿರಿದು ಮಾಡುತ್ತ, ಎಲ್ಲ ಅಂತಸ್ತುಗಳನ್ನೂ ದಾಟಿಸಿ 20 ಮೀಟರಿಗೂ ಮೇಲಕ್ಕೆ ಒಯ್ದಿದ್ದಾರೆ. ನಮ್ಮ ಹೆಂಚಿನ ಕಾರ್ಖಾನೆಯ ಚಿಮಣಿಯೊಳಗೆ ನಿಂತಂತೆ. ಇಂಥದ್ದನ್ನು ಕಾಗದದ ಮೇಲೆ ಬರೆಯಲೂ ನನಗೆ ಧೈರ್ಯ ಬರುತ್ತಿರಲಿಲ್ಲ.

ಅಂಗಳ ನೋಡಿ ವಾಪಸಾಗಬೇಡ ಅಂತ ಮಗನಿಗೆ ಹೇಳಿ. ಕೆಲವು ಕಿಲೋಮೀಟರ್ ಆಚೆ ಕಾಡಿನಲ್ಲಿ ಇವಾನರ ಗುಹೆ ಇದೆ. ಒಳಗೆ ಕತ್ತಲು. ಮೇಲಿನ ಕಿರಿದಾದ ಕಂಡಿಯಿಂದ ಮೈ ಮುದುಡಿಕೊಂಡು ಹೊರಬರಬೇಕು. ಪಾಪ ಮಾಡಿದವರು ಅದರಲ್ಲಿ ಹಾಯಲಾರರು ಅಂತ ಅಲ್ಲಿನವರ ನಂಬಿಕೆ. ನಾನು ಬರುವಾಗ ಮೇಲಿದ್ದ ಅಜ್ಜಿಯೊಬ್ಬರು ಕೈ ಕೊಟ್ಟು ಎಳೆದುಕೊಂಡರು.